ಕರೆದಲ್ಲಿಗೆ ಹೋಗುವ ಮೆಕ್ಯಾನಿಕ್ ಕೆಲಸ: ಗಾಡಿ ಯಾವುದು, ಟೂಲ್ಸ್ ಯಾವುವು?

ಪ್ರಶ್ನೆ: ನನಗೆ 32 ವರ್ಷ. ಊರು ಸಾಗರದ ಹತ್ತಿರ. 7 ವರ್ಷ ಬೈಕ್ ಗ್ಯಾರೇಜಿನಲ್ಲಿ, ಆಮೇಲೆ 4 ವರ್ಷ ಕಾರ್ ಗ್ಯಾರೇಜಿನಲ್ಲಿ ಕೆಲಸ ಮಾಡಿದ್ದೇನೆ. ಇನ್ನು ಸ್ವಂತವಾಗಿ, ಕರೆದವರ ಮನೆಗೇ ಹೋಗಿ ರಿಪೇರಿ ಮಾಡಬೇಕು ಅಂತ ಆಸೆ. ಕೈಯಲ್ಲಿ ಎರಡೂವರೆ ಲಕ್ಷ ಇದೆ. ಹಳೇ ಓಮ್ನಿ ತಗೊಳ್ಳಲಾ, ಟಾಟಾ ಏಸ್ ತಗೊಳ್ಳಲಾ, ಇರುವ ಬೈಕಿಗೇ ಬಾಕ್ಸ್ ಕಟ್ಟಿಸಲಾ? ಟೂಲ್ಸ್ ಏನೇನು ಬೇಕು? ಕಂಪ್ರೆಸರ್, ಜನರೇಟರ್ ಎರಡೂ ಇಲ್ಲದೆ ಆಗಲ್ಲ ಅಂತ ಗೆಳೆಯರು ಹೇಳ್ತಾರೆ. ನಿಜವಾ?

ಉತ್ತರ: ಗೆಳೆಯರ ಮಾತಿನಿಂದಲೇ ಶುರು ಮಾಡುತ್ತೇನೆ. ಕಂಪ್ರೆಸರ್ ಈಗ ಬೇಡ. ಜನರೇಟರ್ ಯಾವತ್ತೂ ಬೇಡ. ಅವೆರಡಕ್ಕೆ ಹೋಗುವ ದುಡ್ಡೂ ಜಾಗವೂ ನಿಮಗೆ ಬೇರೆ ಕಡೆ ಬೇಕಾಗುತ್ತದೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ನಾನು ಸಕಲೇಶಪುರದ ಸುತ್ತಮುತ್ತ 16 ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಮೊದಲ 2 ವರ್ಷ ಬೈಕಿನಲ್ಲಿ, ಆಮೇಲೆ ಓಮ್ನಿಯಲ್ಲಿ, ಈಗ ಈಕೋದಲ್ಲಿ. ನಿಮ್ಮ ಕಡೆಯಂಥದೇ ಮಳೆ, ಅಂಥದೇ ಏರು ಇಳಿಜಾರು. ನೀವು ಕೆಲಸ ಬಲ್ಲವರು. ಸ್ಪ್ಯಾನರ್ ಹಿಡಿಯುವುದು ನಿಮಗೆ ಹೇಳಿಕೊಡಬೇಕಿಲ್ಲ. ಆದರೆ ಗ್ಯಾರೇಜಿನಲ್ಲಿ ಒಂದು ಸಾಕೆಟ್ ಕಾಣದಿದ್ದರೆ ಪಕ್ಕದವರ ಹತ್ತಿರ ಕೇಳುತ್ತೀರಿ. ಪ್ಲಗ್ ಬೇಕಾದರೆ ಹುಡುಗನನ್ನು ಅಂಗಡಿಗೆ ಓಡಿಸುತ್ತೀರಿ. ಕಾರ್ಗಲ್ ದಾಟಿ ಯಾರದೋ ಮನೆಯ ಅಂಗಳದಲ್ಲಿ ನಿಂತಾಗ ಕೇಳಲು ಯಾರೂ ಇರುವುದಿಲ್ಲ. ಒಂದು ಸಣ್ಣ ಸಾಮಾನು ಇಲ್ಲ ಅಂದರೆ ಊರಿಗೆ ಬಂದು ಮತ್ತೆ ಹೋಗಬೇಕು.

ಲೆಕ್ಕ ಹಾಕಿ ನೋಡಿ. 20 ಕಿಲೋಮೀಟರ್ ದೂರದ ಮನೆ. ಹೋಗಿ ಬಂದರೆ 40. ಸಾಮಾನು ತುಂಬಿದ ಹಳೇ ಓಮ್ನಿ ನಮ್ಮ ಘಟ್ಟದ ರಸ್ತೆಯಲ್ಲಿ ಲೀಟರಿಗೆ 13 ಕೊಟ್ಟರೆ ಹೆಚ್ಚು. 3 ಲೀಟರ್ ಪೆಟ್ರೋಲ್, ಅಂದರೆ 300 ರೂಪಾಯಿಗೂ ಜಾಸ್ತಿ. ಎರಡು ಸಲ ಹೋದರೆ 600 ದಾಟಿತು. ಅರ್ಧ ದಿನವೂ ಹೋಯಿತು. ಗಿರಾಕಿ ಕೊಡುವುದು ಮಾತ್ರ ಒಂದೇ ಸಲದ ಕೂಲಿ. ಈ ಕೆಲಸದಲ್ಲಿ ಲಾಭ ನಷ್ಟ ನಿಂತಿರುವುದು ಇಲ್ಲೇ. ಅದಕ್ಕೆ ಏನೇ ಕೊಳ್ಳುವಾಗಲೂ ಇದೊಂದನ್ನು ಕೇಳಿಕೊಳ್ಳಿ: ಇದು ನನ್ನ ಎರಡನೇ ಓಡಾಟ ತಪ್ಪಿಸುತ್ತದಾ? ತಪ್ಪಿಸುವುದಾದರೆ ಸಾಲ ಮಾಡಿಯಾದರೂ ತಗೊಳ್ಳಿ. ಇಲ್ಲ ಅಂದರೆ ಎಷ್ಟೇ ಚೆಂದ ಇದ್ದರೂ ಅಂಗಡಿಯಲ್ಲೇ ಬಿಟ್ಟು ಬನ್ನಿ.

ಹೊರಡುವ ಮೊದಲು ಫೋನಿನಲ್ಲಿ ಅರ್ಧ ಕೆಲಸ ಮುಗಿಯಬೇಕು. "ಗಾಡಿ ಸ್ಟಾರ್ಟ್ ಆಗ್ತಿಲ್ಲ" ಅಂತಾರೆ ಜನ. ಅಷ್ಟಕ್ಕೇ ಹೊರಟುಬಿಡಬೇಡಿ. ಯಾವ ಮಾಡೆಲ್, ಯಾವ ವರ್ಷ? ಸೆಲ್ಫ್ ತಿರುಗುತ್ತಾ, ಬರೀ ಟಕ್ ಅಂತ ಶಬ್ದ ಬರುತ್ತಾ, ಏನೂ ಇಲ್ವಾ? ಮೀಟರಿನಲ್ಲಿ ಯಾವ ಲೈಟ್ ಉರಿಯುತ್ತಿದೆ? ನಿನ್ನೆ ಮಳೆಯಲ್ಲಿ ನಿಂತಿತ್ತಾ? ಕೀ ಹಾಕಿ ತಿರುಗಿಸುವ ವೀಡಿಯೊ ವಾಟ್ಸಾಪಿನಲ್ಲಿ ಕಳಿಸಲು ಹೇಳಿ. ಶಬ್ದ ಕೇಳಿದರೇ ಬ್ಯಾಟರಿಯೋ ಸ್ಟಾರ್ಟರ್ರೋ ಅನ್ನುವ ಅಂದಾಜು ನಿಮಗೆ ಸಿಗುತ್ತದೆ. ನೆಟ್‌ವರ್ಕ್ ಸರಿ ಇಲ್ಲದ ಮನೆಗಳಿಗೆ ಲೊಕೇಶನ್ ನಂಬಿ ಹೋಗಬೇಡಿ. ಯಾವ ಬಸ್ ಸ್ಟಾಪ್, ಎಲ್ಲಿ ಎಡಕ್ಕೆ, ಯಾರ ತೋಟದ ಪಕ್ಕ ಅಂತ ಬಾಯಲ್ಲೇ ಕೇಳಿ ಬರೆದುಕೊಳ್ಳಿ. ಇನ್ನೊಂದು ಮಾತು ಕೇಳಲೇಬೇಕು: ಗಾಡಿ ನಿಂತಿರುವುದು ಸಮ ಜಾಗದಲ್ಲಾ, ಇಳಿಜಾರಿನಲ್ಲಾ? ನಿಮ್ಮ ಗಾಡಿ ಅಲ್ಲಿವರೆಗೆ ಹೋಗುತ್ತಾ? ಮಲೆನಾಡಿನ ಎಷ್ಟೋ ಮನೆಗಳಿಗೆ ಮಳೆಗಾಲದಲ್ಲಿ ನಾಲ್ಕು ಚಕ್ರದ್ದು ಇಳಿಯುವುದಿಲ್ಲ. ಹೋಗುವ ಖರ್ಚು ಎಷ್ಟು ಅನ್ನುವುದನ್ನೂ ಇದೇ ಕರೆಯಲ್ಲಿ ಹೇಳಿಬಿಡಿ. ಅಂಗಳದಲ್ಲಿ ನಿಂತು ಹೇಳಿದರೆ ಇಬ್ಬರಿಗೂ ಇರಿಸುಮುರಿಸು.

ಈಗ ಗಾಡಿ ವಿಷಯ. ಇದೇ ತಿಂಗಳು ಇರುವ ಬೈಕಿನಲ್ಲಿ ಕೆಲಸ ಶುರು ಮಾಡಿ. ಸಾಗರ ಪೇಟೆ, ತಾಳಗುಪ್ಪ, ಆನಂದಪುರ, ಇಷ್ಟರೊಳಗೆ ಬರೀ ಟೂ ವೀಲರ್. ಹಿಂದೆ ಒಂದು ಬಾಕ್ಸ್, ಪಕ್ಕದಲ್ಲಿ ಒಂದು ಬ್ಯಾಗ್, ಒಟ್ಟು 25 ಕೆಜಿ ಮೀರದ ಹಾಗೆ. ಒಂದು ನೋಟ್‌ಬುಕ್ ಇಡಿ. ಬಂದ ಕರೆ ಎಷ್ಟು, ಯಾವ ಊರಿಂದ, ಯಾವ ಗಾಡಿ, ಯಾವ ಕೆಲಸಕ್ಕೆ ಆಗಲ್ಲ ಅಂದಿರಿ, ಯಾವ ಸಾಮಾನು ಇಲ್ಲದೆ ವಾಪಸ್ ಬಂದಿರಿ. ಎರಡು ತಿಂಗಳಿಗೆ ಆ ಪುಸ್ತಕವೇ ನಿಮ್ಮ ಟೂಲ್ ಲಿಸ್ಟ್ ಆಗುತ್ತದೆ. ನಾನು ಇಲ್ಲಿ ಬರೆಯುವುದಕ್ಕಿಂತ ಅದು ನಿಮಗೆ ಜಾಸ್ತಿ ಸರಿಹೊಂದುತ್ತದೆ.

ಆಮೇಲೆ ಕೊಳ್ಳುವಾಗ ನನ್ನ ಮತ ಓಮ್ನಿಗೆ, ಇಲ್ಲವೇ ಹಳೇ ಈಕೋಗೆ. ಟಾಟಾ ಏಸ್ ಮುಕ್ಕಾಲು ಟನ್ ಹೊರುವ ಒಳ್ಳೇ ಗಾಡಿ. ಆದರೆ ನೀವು ಹೊರುವುದು 250, 300 ಕೆಜಿ. ಏಸ್ ಹಿಂದೆ ತೆರೆದಿರುತ್ತದೆ, ಮೇಲೆ ಬಾಡಿ ಕಟ್ಟಿಸಬೇಕು. ಓಮ್ನಿ ಮತ್ತು ಈಕೋದಲ್ಲಿ ಎರಡೂ ಪಕ್ಕ ಸರಿಯುವ ಬಾಗಿಲು ಇದೆ. ಇಕ್ಕಟ್ಟಾದ ಓಣಿಯಲ್ಲೂ ತೆರೆಯುತ್ತದೆ. ಹಿಂದಿನ ಬಾಗಿಲು ಮೇಲಕ್ಕೆ ಏಳುತ್ತದೆ. ಅದೇ ನಿಮ್ಮ ಚಪ್ಪರ. ಜುಲೈ ತಿಂಗಳ ಮಳೆಯಲ್ಲಿ ಅದರ ಕೆಳಗೆ ನಿಂತು ಕಾರ್ಬೊರೇಟರ್ ಬಿಚ್ಚಿದವರಿಗೇ ಅದರ ಬೆಲೆ ಗೊತ್ತು.

ಓಮ್ನಿ ಬರುವುದು 2019ಕ್ಕೆ ನಿಂತಿತು. ಹಾಗಾಗಿ ಸಿಗುವುದೆಲ್ಲ ಹಳೆಯದೇ. 796 ಸಿಸಿ, ಮೂರು ಸಿಲಿಂಡರ್, ಎಂಜಿನ್ ಮುಂದಿನ ಸೀಟಿನ ಕೆಳಗೆ. ನೀವೇ ಮೆಕ್ಯಾನಿಕ್ ಆದ್ದರಿಂದ ಎಂಜಿನ್ನಿಗೆ ಹೆದರಬೇಡಿ. ಹೆದರಬೇಕಾದ್ದು ತುಕ್ಕಿಗೆ. ನೆಲದ ಶೀಟ್, ಸರಿಯುವ ಬಾಗಿಲಿನ ಕೆಳಗಿನ ಪಟ್ಟಿ, ಹಿಂದಿನ ಸ್ಪ್ರಿಂಗ್ ಕೂರುವ ಜಾಗ, ಈ ಮೂರನ್ನು ಸ್ಕ್ರೂ ಡ್ರೈವರಿನಲ್ಲಿ ಚುಚ್ಚಿ ನೋಡಿ. ಗ್ಯಾಸ್ ಕಿಟ್ ಇರುವುದು ಬೇಡ. ಸಿಲಿಂಡರ್ ಜಾಗ ತಿನ್ನುತ್ತದೆ. ಗ್ರೈಂಡರಿನ ಕಿಡಿ ಹಾರುವ ಗಾಡಿಯಲ್ಲಿ ಗ್ಯಾಸ್ ಇರಲೇಬಾರದು.

ಆರ್‌ಸಿ ನೋಡುವಾಗ ಎರಡು ವಿಷಯ ಗಮನಿಸಿ. ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಮುಂದೆ 5 ವರ್ಷಕ್ಕೊಮ್ಮೆ ನವೀಕರಿಸಬೇಕು. 2012ರ ಗಾಡಿ ಅಗ್ಗಕ್ಕೆ ಸಿಕ್ಕಿತು ಅಂತ ತಂದರೆ ಆ ಖರ್ಚು ನಿಮ್ಮ ಹೆಗಲಿಗೆ ಬರುತ್ತದೆ. ಎರಡನೆಯದು, ಸಾಧ್ಯವಾದರೆ ಕಾರ್ಗೋ ಮಾದರಿಯನ್ನೇ ಹುಡುಕಿ. ಸೀಟ್ ಇರುವ ವೈಟ್ ಬೋರ್ಡ್ ಗಾಡಿಯ ಸೀಟ್ ಕಿತ್ತು ರ್‍ಯಾಕ್ ವೆಲ್ಡ್ ಮಾಡಿಸಿದರೆ ಅದು ಆರ್‌ಸಿಯಲ್ಲಿ ಇರುವುದಕ್ಕಿಂತ ಬೇರೆ ಗಾಡಿ ಆಗುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅದನ್ನು ಒಪ್ಪುವುದಿಲ್ಲ. ಅಪಘಾತ ಆದಾಗ ಇನ್ಶೂರೆನ್ಸ್‌ನವರೂ ತಕರಾರು ತೆಗೆಯಬಹುದು. ಕಾರ್ಗೋ ಆದರೆ ಸರಕು ಗಾಡಿ ಅಂತಲೇ ನೋಂದಣಿ ಇರುತ್ತದೆ. ಒಟ್ಟು ತೂಕ 3,000 ಕೆಜಿ ಮೀರದ ಸರಕು ಗಾಡಿಗೆ ಪರ್ಮಿಟ್ ಬೇಡ. ಎಫ್‌ಸಿ (ಗಾಡಿ ಓಡಲು ಯೋಗ್ಯ ಅನ್ನುವ ಪತ್ರ) ಮಾತ್ರ ಬೇಕು: ಮೊದಲ 8 ವರ್ಷ 2 ವರ್ಷಕ್ಕೊಮ್ಮೆ, ಆಮೇಲೆ ವರ್ಷ ವರ್ಷ. ನಿಮ್ಮ ಹತ್ತಿರ ಸಾಮಾನ್ಯ ಕಾರಿನ ಲೈಸೆನ್ಸ್ ಇದ್ದರೆ ಸಾಕು. 7,500 ಕೆಜಿವರೆಗಿನ ಸಾರಿಗೆ ಗಾಡಿಗೆ ಬೇರೆ ಲೈಸೆನ್ಸ್ ಬೇಡ ಅಂತ ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಸ್ಪಷ್ಟವಾಗಿ ಹೇಳಿದೆ.

ಗಾಡಿ ಬಂದ ಮರುದಿನವೇ ರ್‍ಯಾಕ್ ಮಾಡಿಸಲು ಹೋಗಬೇಡಿ. ನಾನು ಹೋಗಿದ್ದೆ. ಚೆಂದದ ಕಬ್ಬಿಣದ ರ್‍ಯಾಕ್ ಮಾಡಿಸಿದೆ. ಆರು ತಿಂಗಳಿಗೆ ಕಿತ್ತು ಗುಜರಿಗೆ ಹಾಕಿದೆ. ಯಾವ ಟೂಲ್ ದಿನಕ್ಕೆ ಹತ್ತು ಸಲ ಕೈಗೆ ಬರುತ್ತದೆ, ಯಾವುದು ವಾರಕ್ಕೊಮ್ಮೆ ಅನ್ನುವುದು ಕೆಲಸ ಮಾಡದೆ ತಿಳಿಯಲ್ಲ. ಮೊದಲ ಮೂರು ತಿಂಗಳು ತರಕಾರಿ ತುಂಬುವ ಪ್ಲಾಸ್ಟಿಕ್ ಕ್ರೇಟ್‌ಗಳಲ್ಲೇ ನಡೆಸಿ. ಒಂದೊಂದು ಕೆಲಸಕ್ಕೆ ಒಂದೊಂದು ಕ್ರೇಟ್. ಬ್ರೇಕಿನ ಕ್ರೇಟಿನಲ್ಲಿ ಲೈನರ್, ಬ್ರೇಕ್ ಆಯಿಲ್, ಬ್ರೇಕಿನ ಗಾಳಿ ತೆಗೆಯುವ (ಬ್ಲೀಡ್ ಮಾಡುವ) ಪೈಪ್, ಸ್ಯಾಂಡ್ ಪೇಪರ್, ಬೇಕಾದ ಸ್ಪ್ಯಾನರ್. ಕರೆಂಟಿನದಕ್ಕೆ ಒಂದು. ಆಯಿಲ್ ಸರ್ವಿಸಿಗೆ ಒಂದು. ಪಂಕ್ಚರಿಗೆ ಒಂದು. ಗಾಡಿ ರಸ್ತೆಯಲ್ಲೇ ನಿಂತು, ಗಿರಾಕಿಯ ಕಾರು ತೋಟದ ಆಚೆ ಕೆಳಗೆ ಇದ್ದರೆ ಒಂದೇ ಕ್ರೇಟ್ ಎತ್ತಿಕೊಂಡು ಇಳಿದರಾಯಿತು. ಕೆಸರಿನಲ್ಲಿ ನಾಲ್ಕು ಸಲ ಹತ್ತಿ ಇಳಿಯುವುದು ತಪ್ಪಿತು ಅಲ್ವಾ.

ಆಮೇಲೆ ರ್‍ಯಾಕ್ ಮಾಡಿಸಿದರೂ ಕ್ರೇಟ್ ಕೂರುವ ಅಳತೆಗೇ ಮಾಡಿಸಿ. ಭಾರದ ಸಾಮಾನು ನೆಲಕ್ಕೆ ಹತ್ತಿರ, ಹಿಂದಿನ ಚಕ್ರಕ್ಕಿಂತ ಸ್ವಲ್ಪ ಮುಂದೆ ಇರಬೇಕು. ಜಾಕ್, ಎತ್ತಿದ ಗಾಡಿಗೆ ಆಧಾರ ಕೊಡುವ ಸ್ಟ್ಯಾಂಡ್, ಬ್ಯಾಟರಿ ಎಲ್ಲ ಕಟ್ಟಕಡೆಗೆ ಇಟ್ಟರೆ ಮುಂದಿನ ಚಕ್ರ ಹಗುರಾಗಿ ತಿರುವಿನಲ್ಲಿ ಗಾಡಿ ಹಿಡಿತಕ್ಕೆ ಸಿಗಲ್ಲ. ಡ್ರೈವರ್ ಸೀಟಿನ ಹಿಂದೆ ಕಬ್ಬಿಣದ ಜಾಲರಿ ಕಡ್ಡಾಯ. ಎಲ್ಲಾದರೂ ಗುದ್ದಿದರೆ 20 ಕೆಜಿ ಜಾಕ್ ಹತ್ತಾರು ಪಟ್ಟು ಬಲದಲ್ಲಿ ನಿಮ್ಮ ತಲೆಯ ಕಡೆಗೇ ಬರುತ್ತದೆ. ರಬ್ಬರ್ ಹಗ್ಗ ಅದನ್ನು ತಡೆಯಲ್ಲ. ಬೆಲ್ಟ್ ಹಾಕಿ, ನೆಲದ ಕೊಂಡಿಗೆ ಬಿಗಿಯಿರಿ.

ದಿನಬಳಕೆಯ ಟೂಲ್‌ಗಳಿಗೆ ದಪ್ಪ ಫೋಮ್ ಶೀಟಿನಲ್ಲಿ ಒಂದೊಂದರ ಆಕಾರ ಕತ್ತರಿಸಿ ಕೂರಿಸಿ. ಕಪ್ಪು ಶೀಟಿನ ಕೆಳಗೆ ಹಳದಿ ಶೀಟ್ ಹಾಕಿ. ಹೊರಡುವ ಮುಂಚೆ ಒಮ್ಮೆ ನೋಡಿದರೆ ಹಳದಿ ಕಂಡ ಜಾಗದ್ದು ಬಿಟ್ಟುಹೋಗಿದೆ ಅಂತ ತಿಳಿಯುತ್ತದೆ. ಸಂಜೆ ಕತ್ತಲಲ್ಲಿ ಬಿಟ್ಟು ಬಂದ ಒಂದು ಸ್ಪ್ಯಾನರ್, ಮರುದಿನ ಬೆಳಿಗ್ಗೆ ಬೇರೆ ಊರಿನಲ್ಲಿ ನಿಮ್ಮ ಕೆಲಸ ನಿಲ್ಲಿಸುತ್ತದೆ.

ಕೈ ಟೂಲ್ಸ್ ನಿಮ್ಮ ಹತ್ತಿರ ಅರ್ಧಕ್ಕರ್ಧ ಇದ್ದೇ ಇರುತ್ತವೆ. 6-7ರಿಂದ 20-22ರವರೆಗಿನ ಡಿಇ (ಎರಡೂ ತುದಿಗೆ ಬಾಯಿರುವ) ಸ್ಪ್ಯಾನರ್ ಸೆಟ್, ಅದೇ ಅಳತೆಯ ರಿಂಗ್ ಸೆಟ್, ಅರ್ಧ ಇಂಚು ಮತ್ತು ಕಾಲು ಇಂಚು ಎರಡೂ ಡ್ರೈವಿನ ಸಾಕೆಟ್ ಸೆಟ್, ಅಲೆನ್ ಕೀ, ಟಾರ್ಕ್ಸ್ ಬಿಟ್. ಇವನ್ನು ಟಪಾರಿಯಾದಂಥ ನಂಬಿಕೆಯ ಕಂಪನಿಯದೇ ತಗೊಳ್ಳಿ. 10, 12, 14ರ ಸಾಕೆಟ್ ಎರಡೆರಡು ಇರಲಿ. ನಾನು 10ರದ್ದು ಮೂರು ಇಟ್ಟುಕೊಂಡಿದ್ದೇನೆ, ಆಗಾಗ ಮೂರೂ ಬೇಕಾಗುತ್ತದೆ. ಪ್ಲಗ್ ಸಾಕೆಟ್ 16 ಮತ್ತು 21, ಉದ್ದದ್ದು, ಒಳಗೆ ಮ್ಯಾಗ್ನೆಟ್ ಇರುವುದು. ಜಪಾನಿ ಮೂಲದ ಬೈಕುಗಳ ಪ್ಲಸ್ ಆಕಾರದ ಸ್ಕ್ರೂಗೆ ಜಪಾನಿ ಅಳತೆಯ ಜೆಐಎಸ್ ಬಿಟ್ ಬೇರೆಯೇ ಇದೆ. ಸಾಮಾನ್ಯ ಫಿಲಿಪ್ಸ್ ಹಾಕಿದರೆ ತಲೆ ಹರಿಯುತ್ತದೆ. ಆ ಬಿಟ್ ಜೊತೆ ಸುತ್ತಿಗೆಯಲ್ಲಿ ಹೊಡೆಯುವ ಇಂಪ್ಯಾಕ್ಟ್ ಡ್ರೈವರ್ ಒಂದು ಇರಲಿ. ತುಕ್ಕು ಹಿಡಿದ ಸ್ಕ್ರೂ ಬಿಚ್ಚಲು ಮಲೆನಾಡಿನಲ್ಲಿ ಅದಿಲ್ಲದೆ ಆಗುವುದಿಲ್ಲ.

ನಟ್ಟನ್ನು ಅಳತೆಗೆ ಸರಿಯಾಗಿ ಬಿಗಿಯುವ ಟಾರ್ಕ್ ವ್ರೆಂಚ್ ಮಾತ್ರ ಮರೆಯಬೇಡಿ. "ಕೈ ಅಂದಾಜು ಸಾಕು" ಅನ್ನುವವರು ಬಹಳ ಜನ. ಗ್ಯಾರೇಜಿನಲ್ಲಿ ವೀಲ್ ನಟ್ ಸಡಿಲ ಆದರೆ ಗಿರಾಕಿ ಮರುದಿನ ಬಂದು ಹೇಳುತ್ತಾರೆ. ನೀವು ಬಿಟ್ಟು ಬಂದ ಕಾರು ಘಟ್ಟ ಇಳಿಯುತ್ತಿರುತ್ತದೆ. ಸಣ್ಣ ಕಾರುಗಳ ವೀಲ್ ನಟ್ ಬಿಗಿತ ಸಾಮಾನ್ಯವಾಗಿ 85ರಿಂದ 110 ನ್ಯೂಟನ್ ಮೀಟರ್ ನಡುವೆ ಬರುತ್ತದೆ. ಆಯಾ ಮಾಡೆಲ್ಲಿನ ಪುಸ್ತಕ ನೋಡಿ ಫೋನಿನಲ್ಲಿ ಬರೆದಿಟ್ಟುಕೊಳ್ಳಿ.

ಜಾಕಿನ ವಿಷಯದಲ್ಲಿ ಸ್ವಲ್ಪ ನಿಧಾನಿಸುತ್ತೇನೆ. ಒಂದು ಮಳೆಗಾಲ. ತೋಟದ ಮನೆಯೊಂದರ ಅಂಗಳ. ಆಲ್ಟೊ ಕಾರಿನ ಸೈಲೆನ್ಸರ್ ಕೊಂಡಿ ಮುರಿದಿತ್ತು. ಹತ್ತು ನಿಮಿಷದ ಕೆಲಸ ಅಂತ ಕಾರಿನದೇ ಜಾಕ್ ಹಾಕಿ ಎತ್ತಿದೆ. ಸ್ಟ್ಯಾಂಡ್ ಗಾಡಿಯಲ್ಲಿತ್ತು, ತರಲಿಲ್ಲ. ಸ್ಪ್ಯಾನರ್ ತಗೊಳ್ಳಲು ಪಕ್ಕಕ್ಕೆ ತಿರುಗಿದ್ದೆ. ನೆನೆದ ಜಂಬಿಟ್ಟಿಗೆ ಮಣ್ಣಿನಲ್ಲಿ ಜಾಕಿನ ಪಾದ ಕುಸಿಯಿತು. ಕಾರು ಧಡ್ ಅಂತ ಕೂತಿತು. ಅರ್ಧ ನಿಮಿಷ ತಡವಾಗಿದ್ದರೆ ನನ್ನ ಎದೆ ಅದರ ಕೆಳಗೆ ಇರುತ್ತಿತ್ತು. ಅಂದಿನಿಂದ ಒಂದು ನಿಯಮ: ಸ್ಟ್ಯಾಂಡ್ ಇಲ್ಲದೆ ಕೈ ಕೂಡ ಒಳಗೆ ಹೋಗಬಾರದು.

ಗ್ಯಾರೇಜಿನ ಸಿಮೆಂಟ್ ನೆಲ ನಿಮ್ಮ ಜೊತೆ ಬರುವುದಿಲ್ಲ. ಅದಕ್ಕೆ 18 ಮಿಲಿಮೀಟರ್ ಪ್ಲೈವುಡ್ಡಿನ ಒಂದಡಿ ಚೌಕದ ನಾಲ್ಕು ಹಲಗೆ ಕತ್ತರಿಸಿ ಇಟ್ಟುಕೊಳ್ಳಿ. ಜಾಕಿಗೆ ಒಂದು, ಸ್ಟ್ಯಾಂಡಿಗೆ ಎರಡು, ಒಂದು ಹೆಚ್ಚಿಗೆ. 3 ಟನ್ನಿನ ಒಂದು ಜೊತೆ ಸ್ಟ್ಯಾಂಡ್, ಒಂದು ಹೈಡ್ರಾಲಿಕ್ ಜಾಕ್, ಚಕ್ರಕ್ಕೆ ಕೊಡುವ ಮರದ ಅಡ್ಡೆ ನಾಲ್ಕು. ಇಳಿಜಾರಿನಲ್ಲಿ ನಿಂತ ಕಾರನ್ನು ಎತ್ತಲೇಬೇಡಿ, ನಾಲ್ಕು ಜನ ಕರೆದು ಸಮ ಜಾಗಕ್ಕೆ ತಳ್ಳಿಸಿ. ದುಡ್ಡು ಕಡಿಮೆ ಬಿದ್ದರೆ ಬೇರೆ ಏನನ್ನಾದರೂ ಮುಂದಕ್ಕೆ ಹಾಕಿ, ಇವನ್ನಲ್ಲ.

ಮನೆ ಬಾಗಿಲಿನ ಕೆಲಸದಲ್ಲಿ ನನಗೆ ಅತಿ ಹೆಚ್ಚು ಬರುವುದು ಕರೆಂಟಿನ ತೊಂದರೆ. ಅದಕ್ಕೆ ಬೇಕಾದ ಸಾಮಾನು ತೂಕವೂ ಇಲ್ಲ, ಜಾಗವೂ ತಿನ್ನಲ್ಲ. ಒಳ್ಳೇ ಮಲ್ಟಿಮೀಟರ್, ಜೊತೆಗೆ ವಯರಿನ ಸುತ್ತ ಹಿಡಿದು ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್. ಕ್ಲ್ಯಾಂಪ್ ಕೊಳ್ಳುವಾಗ ಡಿಸಿ ಆಂಪ್ಸ್ ಅಳೆಯುತ್ತಾ ಅಂತ ನೋಡಿ. ಅಗ್ಗದವು ಬಹಳಷ್ಟು ಎಸಿ ಮಾತ್ರ ಅಳೆಯುತ್ತವೆ, ಗಾಡಿ ಕೆಲಸಕ್ಕೆ ಬರುವುದಿಲ್ಲ.

ಬ್ಯಾಟರಿ ಚಾರ್ಜ್ ತುಂಬಿದ್ದರೆ 12.6 ವೋಲ್ಟ್ ಆಸುಪಾಸು ತೋರಿಸಬೇಕು. 12ಕ್ಕೆ ಬಂದಿದ್ದರೆ ಮುಕ್ಕಾಲು ಖಾಲಿ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ಸೋತಿದೆ. ಎಂಜಿನ್ ಓಡುವಾಗ 13.8ರಿಂದ 14.5 ಬರಬೇಕು. ಇದು ನಿಮಗೆ ಗೊತ್ತಿರುತ್ತದೆ. ಆದರೆ ಇನ್ನೊಂದು ಟೆಸ್ಟನ್ನು ತುಂಬಾ ಜನ ಮಾಡುವುದಿಲ್ಲ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ಎಂಜಿನ್ ಲೋಹಕ್ಕೆ ಇಟ್ಟು ಸೆಲ್ಫ್ ಹೊಡೆಸಿ. ಅರ್ಧ ವೋಲ್ಟಿಗಿಂತ ಜಾಸ್ತಿ ಬಂದರೆ ಅರ್ಥಿಂಗ್ ಕೆಟ್ಟಿದೆ. ನಮ್ಮ ಮಳೆಯಲ್ಲಿ ಅರ್ಥಿಂಗ್ ಬೋಲ್ಟ್ ತುಕ್ಕು ಹಿಡಿಯುವುದು ಮಾಮೂಲಿ. ಎಷ್ಟೋ ಮನೆಯವರು ಹೊಸ ಬ್ಯಾಟರಿ, ಹೊಸ ಸ್ಟಾರ್ಟರ್ ಹಾಕಿಸಿ ಸೋತಿರುತ್ತಾರೆ. ನೀವು ಒಂದು ಬೋಲ್ಟ್ ಬಿಚ್ಚಿ, ಉಜ್ಜಿ, ಗ್ರೀಸ್ ಹಚ್ಚಿ ಬಿಗಿದರೆ ಗಾಡಿ ಹೊರಡುತ್ತದೆ. ಆ ಮನೆಯವರು ನಿಮ್ಮನ್ನು ಬಿಟ್ಟು ಬೇರೆಯವರನ್ನು ಕರೆಯಲ್ಲ.

ರಾತ್ರಿ ನಿಲ್ಲಿಸಿದರೆ ಬ್ಯಾಟರಿ ಇಳಿಯುತ್ತೆ ಅನ್ನುವ ದೂರಿಗೂ ಕ್ಲ್ಯಾಂಪ್ ಬೇಕು. ಬಾಗಿಲು ಲಾಕ್ ಮಾಡಿ ಅರ್ಧ ಗಂಟೆ ಬಿಟ್ಟು ನೋಡಿ. 50 ಮಿಲಿ ಆಂಪ್ ಒಳಗಿದ್ದರೆ ಸರಿ. ಜಾಸ್ತಿ ಇದ್ದರೆ ಯಾವ ಫ್ಯೂಸಿನ ಸಾಲು ತಿನ್ನುತ್ತಿದೆ ಅಂತ ಹುಡುಕಿ. ಇಷ್ಟು ಸಣ್ಣದನ್ನು ಸರಿಯಾಗಿ ತೋರಿಸುವ ಕ್ಲ್ಯಾಂಪೇ ಬೇಕು, ಕೊಳ್ಳುವಾಗ ಕೇಳಿ. ಹಳೇ ಬಲ್ಬ್ ಟೆಸ್ಟರನ್ನು ಹೊಸ ಗಾಡಿಗಳ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ವಯರಿಗೆ ಹಚ್ಚಬೇಡಿ, ಬಲ್ಬ್ ಎಳೆಯುವ ಕರೆಂಟಿಗೆ ಒಳಗಿನ ಸರ್ಕ್ಯೂಟ್ ಸುಟ್ಟುಹೋಗಬಹುದು.

ಜಂಪ್ ಸ್ಟಾರ್ಟಿಗೆ ನಿಮ್ಮ ಓಮ್ನಿಯ ಬ್ಯಾಟರಿ ನಂಬಬೇಡಿ. ಬೊಲೆರೊದಂಥ ಡೀಸೆಲ್ ಎಂಜಿನ್ ತಿರುಗಿಸಲು ಆ ಸಣ್ಣ ಬ್ಯಾಟರಿಗೆ ಕಷ್ಟ. ಕೈಯಲ್ಲಿ ಹಿಡಿಯುವ ಲಿಥಿಯಂ ಜಂಪ್ ಸ್ಟಾರ್ಟರ್ ಸಿಗುತ್ತದೆ. ಡೀಸೆಲ್ ಗಾಡಿ ಎಬ್ಬಿಸುವಷ್ಟು ಶಕ್ತಿ ಇರುವುದನ್ನೇ ತಗೊಳ್ಳಿ. ನಿಮ್ಮ ಗಾಡಿ ಇಳಿಯದ ಅಂಗಳಕ್ಕೂ ಅದು ಜೇಬಿನಲ್ಲಿ ಇಳಿಯುತ್ತದೆ.

ಗಾಡಿಯ ಕಂಪ್ಯೂಟರಿನಿಂದ ದೋಷದ ಕೋಡ್ ಓದುವ ಸ್ಕ್ಯಾನರ್ ಬೇಕಾ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. 2020ರ ಏಪ್ರಿಲ್‌ನಿಂದ ಬಿಎಸ್ 6 ಹೊಗೆ ನಿಯಮ ಬಂದ ಮೇಲೆ ಸಣ್ಣ ಬೈಕು ಸ್ಕೂಟರುಗಳೂ ಬಹುತೇಕ ಫ್ಯೂಯಲ್ ಇಂಜೆಕ್ಷನ್ ಆದವು. ಕಾರುಗಳ 16 ಪಿನ್ ಸಾಕೆಟ್‌ಗೆ ಚುಚ್ಚುವ ಸಣ್ಣ ಬ್ಲೂಟೂತ್ ಸಾಧನ ಎಂಜಿನ್ ಕೋಡ್ ಓದಲು ಸಾಕು. ಬಿಎಸ್ 6 ಬೈಕುಗಳಲ್ಲಿ ಬೇರೆ, ಸಾಮಾನ್ಯವಾಗಿ 6 ಪಿನ್ನಿನದು. ಅದಕ್ಕೆ ಅಡಾಪ್ಟರ್ ಬೇಕು. ಕೆಲವು ಮಾಡೆಲ್‌ಗಳಲ್ಲಿ ಎಂಜಿನ್ ಲೈಟ್ ಎಷ್ಟು ಸಲ ಮಿನುಗಿತು ಅನ್ನುವ ಲೆಕ್ಕದಲ್ಲೇ ಕೋಡ್ ತಿಳಿಯುತ್ತದೆ. ಎಲ್ಲ ಕಂಪನಿಗೂ ಆಗುವ ದೊಡ್ಡ ಸ್ಕ್ಯಾನರ್ ಎರಡನೇ ವರ್ಷಕ್ಕೆ ಇರಲಿ. ಕೋಡ್ ಬಂದ ಮಾತ್ರಕ್ಕೆ ಸೆನ್ಸರ್ ಬದಲಿಸಬೇಡಿ. ಪಿ0335 ಅಂತ ಬಂದರೆ ಕ್ರ್ಯಾಂಕ್ ಸೆನ್ಸರ್ ಅಂತಾರೆ. ನಮ್ಮ ಕಡೆ ನೋಡಿದರೆ ಅದರ ವಯರನ್ನು ಇಲಿ ಕಡಿದಿರುತ್ತದೆ. ಮೊದಲು ಟಾರ್ಚ್, ಆಮೇಲೆ ಪರ್ಸು.

ಈಗ ಗಾಳಿ ಮತ್ತು ಕರೆಂಟ್. ಗ್ಯಾರೇಜಿನ ಮಾದರಿ ಕಂಪ್ರೆಸರ್ ಸಣ್ಣದೇ 25 ಕೆಜಿ ತೂಗುತ್ತದೆ, ಓಡಿಸಲು ಒಂದೂವರೆ ಕಿಲೋವ್ಯಾಟ್ ಬೇಕು. ಅದಕ್ಕಾಗಿ ಜನರೇಟರ್, ಜನರೇಟರಿಗಾಗಿ ಪೆಟ್ರೋಲ್ ಕ್ಯಾನ್, ಅದರ ಹೊಗೆ ಮತ್ತು ಗಲಾಟೆ. ಒಂದಕ್ಕಾಗಿ ಇನ್ನೊಂದು ಬೆಳೆಯುತ್ತಾ ಹೋಗುತ್ತದೆ. ಟೈರಿಗೆ ಗಾಳಿ ತುಂಬಲು 12 ವೋಲ್ಟಿನ ಪಂಪ್ ಸಾಕು. ಕಾರ್ಬೊರೇಟರಿನ ಜೆಟ್ ಊದಲು ಕಾರ್ಬ್ ಕ್ಲೀನರ್ ಸ್ಪ್ರೇ ಸಾಕು. ನಟ್ ಬಿಚ್ಚಲು 18 ವೋಲ್ಟಿನ ಕಾರ್ಡ್‌ಲೆಸ್ ಇಂಪ್ಯಾಕ್ಟ್ ವ್ರೆಂಚ್ ತಗೊಳ್ಳಿ, ಅದೇ ಬ್ಯಾಟರಿ ಕೂರುವ ಸಣ್ಣ ಗ್ರೈಂಡರ್ ಆಮೇಲೆ ತಗೊಳ್ಳಿ. ಬ್ಯಾಟರಿ ಎರಡು ಇರಲಿ. ರಾತ್ರಿ ಮನೆಯಲ್ಲಿ ಚಾರ್ಜ್ ಮಾಡಿದರೆ ದಿನ ಪೂರ್ತಿ ಬರುತ್ತದೆ.

ಗಾಡಿಯಲ್ಲಿ ಇನ್ವರ್ಟರ್ ಇಡುವುದಾದರೆ 300 ವ್ಯಾಟ್ ಸಾಕು, ಚಾರ್ಜರಿಗೆ ಅಷ್ಟೇ ಬೇಕು. 1,000 ವ್ಯಾಟಿನದು 12 ವೋಲ್ಟ್ ಬ್ಯಾಟರಿಯಿಂದ 90, 100 ಆಂಪ್ ಎಳೆಯುತ್ತದೆ. ಗಿರಾಕಿಯ ಗಾಡಿ ಎಬ್ಬಿಸಲು ಹೋಗಿ ನಿಮ್ಮ ಗಾಡಿ ಮಲಗುತ್ತದೆ. ಮನೆ ಅಂಗಳದಲ್ಲಿ ಕೆಲಸ ಇದ್ದಾಗ ಅವರ ಕರೆಂಟನ್ನೇ ಕೇಳಿ. 20 ಮೀಟರ್ ಎಕ್ಸ್‌ಟೆನ್ಶನ್, 2.5 ಚದರ ಮಿಲಿಮೀಟರ್ ವಯರಿನದು, ತುದಿಯಲ್ಲಿ ಕರೆಂಟ್ ಸೋರಿದರೆ ಕೂಡಲೇ ಕಡಿಯುವ 30 ಮಿಲಿ ಆಂಪಿನ ಇಎಲ್‌ಸಿಬಿ ಇರುವುದು ಮಾಡಿಸಿ. ಒದ್ದೆ ನೆಲದ ಮೇಲೆ ನಿಂತು ಕೆಲಸ ಮಾಡುವವರು ನಾವು. ತಲೆಗೆ ಕಟ್ಟುವ ಟಾರ್ಚ್ ಎರಡು, ಮ್ಯಾಗ್ನೆಟ್ ಇರುವ ಲೈಟ್ ಒಂದು, 2 ಕೆಜಿ ಪೌಡರ್ ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗುವ ಜಾಗದಲ್ಲಿ.

ಸ್ಪೇರ್ಸ್ ಎಷ್ಟು ತುಂಬಬೇಕು ಅನ್ನುವುದನ್ನು ನಿಮ್ಮ ನೋಟ್‌ಬುಕ್ ಹೇಳುತ್ತದೆ. ಶುರುವಿಗೆ ಸ್ಪ್ಲೆಂಡರ್ ಮತ್ತು ಆಕ್ಟಿವಾ, ಈ ಎರಡರ ಕೇಬಲ್, ಪ್ಲಗ್, ಲೈನರ್, ಏರ್ ಫಿಲ್ಟರ್ ಇಟ್ಟುಕೊಳ್ಳಿ. ಫ್ಯೂಸ್, ರಿಲೇ, ವಯರ್, ಹೀಟ್ ಶ್ರಿಂಕ್, 428 ಸೈಜಿನ ಚೈನ್ ಲಾಕ್, ವಾಲ್ವ್ ಸೂಜಿ, ಟ್ಯೂಬ್‌ಲೆಸ್ ಪಂಕ್ಚರ್ ಬತ್ತಿ. ಆಯಿಲಿನಲ್ಲಿ ಬೈಕಿಗೆ 10ಡಬ್ಲ್ಯು-30 ಎಂಎ ದರ್ಜೆಯದು, ಗೇರ್ ಇಲ್ಲದ ಸ್ಕೂಟರಿಗೆ ಎಂಬಿ ದರ್ಜೆಯದು, ಈ ಎರಡು ಡಬ್ಬಿಗೆ ಬೇರೆ ಬೇರೆ ಬಣ್ಣದ ಟೇಪ್ ಸುತ್ತಿ. ಅವಸರದಲ್ಲಿ ಎಂಬಿ ಆಯಿಲ್ ಬೈಕಿಗೆ ಹೋದರೆ ಕ್ಲಚ್ ಜಾರುತ್ತದೆ. ಕಾರಿನ ಭಾಗಗಳನ್ನು ಸುಮ್ನೆ ತುಂಬಬೇಡಿ, ಫೋನಿನಲ್ಲಿ ಮಾಡೆಲ್ ತಿಳಿದು ದಾರಿಯಲ್ಲಿ ಕೊಂಡು ಹೋಗಿ.

ನಿಮ್ಮ ತಾಲೂಕಿಗೆ ಒಂದು ಮಾತು ಸೇರಿಸುತ್ತೇನೆ. ಅಡಿಕೆ ತೋಟದ ಮನೆಗಳಲ್ಲಿ ಕಳೆ ಹೊಡೆಯುವ ಮಷೀನ್, ಔಷಧಿ ಹೊಡೆಯುವ ಪಂಪ್ ಇದ್ದೇ ಇರುತ್ತವೆ. ಬೈಕ್ ನೋಡಲು ಹೋದಾಗ "ಇದನ್ನೂ ಒಮ್ಮೆ ನೋಡಿ" ಅಂತಾರೆ. ಮಳೆ ಶುರುವಾಗುವ ಮುಂಚೆ ಅಡಿಕೆಗೆ ಬೋರ್ಡೋ ಔಷಧಿ ಹೊಡೆಯುವ ಕಾಲಕ್ಕೆ ಪಂಪ್ ಕೆಟ್ಟರೆ ಅವರಿಗೆ ಬೈಕಿಗಿಂತ ಅದು ತುರ್ತು. ಟೂ ಸ್ಟ್ರೋಕ್ ಆಯಿಲ್, ಆ ಎಂಜಿನ್‌ಗಳ ಪ್ಲಗ್, ಎಳೆಯುವ ಹಗ್ಗ, ಪೆಟ್ರೋಲ್ ಪೈಪ್ ಇಷ್ಟು ಒಂದು ಸಣ್ಣ ಡಬ್ಬಿಯಲ್ಲಿ ಇರಲಿ. ಒಂದೇ ಓಡಾಟದಲ್ಲಿ ಎರಡು ಕೆಲಸ. ದುಡ್ಡು ಅಡಿಕೆ ಮಾರಿದ ಮೇಲೆ ಕೊಡುತ್ತೇನೆ ಅನ್ನುವವರೂ ಇರುತ್ತಾರೆ. ಕೂಲಿಗೆ ಬೇಕಾದರೆ ಕಾಯಿರಿ. ಸ್ಪೇರ್ಸ್ ದುಡ್ಡನ್ನು ಅಲ್ಲೇ ಇಸಿದುಕೊಳ್ಳಿ, ಇಲ್ಲ ಅಂದರೆ ನಾಳೆಯ ಸಾಮಾನಿಗೆ ನಿಮ್ಮ ಕೈಯಲ್ಲಿ ಏನೂ ಉಳಿಯಲ್ಲ.

ಬೇಡ ಅನ್ನುವುದನ್ನೂ ಕಲಿಯಬೇಕು. ಹೆಡ್ ಬಿಚ್ಚುವುದು, ಕಾರಿನ ಕ್ಲಚ್ ಪ್ಲೇಟ್, ಶಾಕ್ ಸ್ಪ್ರಿಂಗ್ ಒತ್ತುವುದು, ಏರ್‌ಬ್ಯಾಗ್, ಎಸಿ ಗ್ಯಾಸ್, ಇವು ಅಂಗಳದ ಕೆಲಸ ಅಲ್ಲ. ಎಲೆಕ್ಟ್ರಿಕ್ ಸ್ಕೂಟರಿನ ಟೈರ್, ಬ್ರೇಕ್ ನೋಡಬಹುದು, ಬ್ಯಾಟರಿ ಪ್ಯಾಕ್ ಬಿಚ್ಚಬಾರದು. ನೀವು ಕೆಲಸ ಮಾಡಿದ ಗ್ಯಾರೇಜಿನವರ ಜೊತೆ ಮಾತಾಡಿ ಇಟ್ಟುಕೊಳ್ಳಿ. ದೊಡ್ಡ ಕೆಲಸ ಅವರಿಗೆ ಕಳಿಸಿ, ಹೊರಗಿನ ಸಣ್ಣ ಕರೆ ಅವರು ನಿಮಗೆ ಕೊಡಲಿ.

ತೆಗೆದ ಹಳೇ ಆಯಿಲನ್ನು ಮುಚ್ಚಳ ಇರುವ ಕ್ಯಾನಿನಲ್ಲಿ ವಾಪಸ್ ತನ್ನಿ, ಸಂಗ್ರಹಿಸುವವರಿಗೆ ಕೊಡಿ. ತೋಟದ ಬದಿಗೆ ಚೆಲ್ಲಿದರೆ ಅದು ಹರಿದು ಅವರ ಬಾವಿಗೇ ಸೇರುತ್ತದೆ. ಕೆಲಸದ ಜಾಗಕ್ಕೆ ಒಂದು ಹಳೇ ಫ್ಲೆಕ್ಸ್ ಹಾಸಿ. ಅಂಗಳದಲ್ಲಿ ಆಯಿಲ್ ಕಲೆ ಬೀಳಲ್ಲ, ಬಿದ್ದ ಸ್ಕ್ರೂ ಕಾಣುತ್ತದೆ. ಅಡಿಕೆ ಒಣಗಿಸುವ ಅಂಗಳ ಅದು, ಮರೆಯಬೇಡಿ.

ನಿಮ್ಮ ಎರಡೂವರೆ ಲಕ್ಷವನ್ನು ನಾನಾದರೆ ಹೀಗೆ ಹಂಚುತ್ತೇನೆ. ಗಾಡಿಗೆ ಅದರ ಮೊದಲ ರಿಪೇರಿ ಸೇರಿ ಒಂದೂವರೆ ಲಕ್ಷ. ಟೂಲ್ಸಿಗೆ 60 ಸಾವಿರ. ಸ್ಪೇರ್ಸಿಗೆ 15 ಸಾವಿರ. ಉಳಿದ 25 ಸಾವಿರ ಮುಟ್ಟಬಾರದು, ಅದು ಇನ್ಶೂರೆನ್ಸಿಗೆ ಮತ್ತು ಮೊದಲ ಮಳೆಗಾಲಕ್ಕೆ. ಸಾಲ ಬೇಕಾದರೆ ಮುದ್ರಾ ಯೋಜನೆಯಲ್ಲಿ ಶಿಶು ವಿಭಾಗ 50,000ದವರೆಗೆ, ಕಿಶೋರ ವಿಭಾಗ 5 ಲಕ್ಷದವರೆಗೆ, ಅಡಮಾನ ಇಲ್ಲದೆ. ಸಣ್ಣ ಉದ್ಯಮಗಳಿಗೆ ಸರ್ಕಾರದ ಉದ್ಯಮ್ ನೋಂದಣಿ ಉಚಿತ, ಮಾಡಿಸಿಕೊಡುತ್ತೇವೆ ಅಂತ ದುಡ್ಡು ಕೇಳುವವರಿಗೆ ಕೊಡಬೇಡಿ. ಕುಶಲಕರ್ಮಿಗಳಿಗೆ ನೆರವು ಕೊಡುವ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಗಾಡಿ ಮೆಕ್ಯಾನಿಕ್ ಇಲ್ಲ, ಅದಕ್ಕಾಗಿ ಅಲೆಯಬೇಡಿ.

ತುರ್ತು ಕರೆಗೆ ಯಾವಾಗಲೂ ಹೊರಡಲೇಬೇಕು. ಸರ್ವಿಸ್ ಕೆಲಸಕ್ಕೆ ಮಾತ್ರ ದಿನಕ್ಕೊಂದು ದಿಕ್ಕು ಹಿಡಿಯಿರಿ. ಸೋಮವಾರ ತಾಳಗುಪ್ಪ, ಕಾರ್ಗಲ್, ಜೋಗ. ಮಂಗಳವಾರ ಆನಂದಪುರದ ಕಡೆ. ಒಂದೇ ದಾರಿಯಲ್ಲಿ ಐದು ಮನೆ ಸಿಕ್ಕರೆ ಪೆಟ್ರೋಲ್ ಐದು ಪಾಲಾಗುತ್ತದೆ. ವಾರದಲ್ಲಿ ಒಂದು ದಿನ ತುಮರಿಗೆ ಇಡಿ. ಮೊದಲು ಆ ಕಡೆಗೆ ಹೊಳೆಬಾಗಿಲಿನಲ್ಲಿ ಲಾಂಚಿಗೆ ಕಾಯಬೇಕಿತ್ತು, ಸಂಜೆ ಲಾಂಚ್ ತಪ್ಪಿದರೆ ರಾತ್ರಿ ಅಲ್ಲೇ. 2025ರ ಜುಲೈನಲ್ಲಿ ಅಂಬಾರಗೋಡ್ಲು ಕಳಸವಳ್ಳಿ ಸೇತುವೆ ಆದ ಮೇಲೆ ಶರಾವತಿ ಹಿನ್ನೀರು ದಾಟಲು ಕೆಲವೇ ನಿಮಿಷ ಸಾಕು. ಗಾಡಿ ಕೊಳ್ಳುವ ಮುಂಚೆಯೇ ಒಂದು ಭಾನುವಾರ ಬೈಕಿನಲ್ಲಿ ಆ ಕಡೆ ಹೋಗಿ ಬನ್ನಿ. ಅಂಗಡಿ, ಹಾಲಿನ ಡೇರಿ, ಸೊಸೈಟಿಗಳಲ್ಲಿ ನಿಮ್ಮ ನಂಬರ್ ಇರುವ ಚೀಟಿ ಕೊಟ್ಟು, ವಾರದ ಯಾವ ದಿನ ಬರುತ್ತೀರಿ ಅಂತ ಹೇಳಿ ಬನ್ನಿ.